ಮೋಟಾರಿನ ಉಸಿರು

ಪ್ರಾಯದವರ ಕೈಗೆ ಒಂದು ವಾಹನವು ಬಂದೊಡನೆ ಅದನ್ನು ಇದ್ದಂತೆಯೇ ಇರಗೊಡಬಾರದೆಂಬ ಬಯಕೆಯು ಅವರಲ್ಲಿ ಹುಟ್ಟುವದು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಬಯಕೆಯು ಎತ್ತಿನ ಕೋಡಣಸು, ಗೆಜ್ಜೆಸರ, ಬಣ್ಣದ ಜೂಲುಗಳಲ್ಲಿ ತೃಪ್ತಿ ಹೊಂದುತ್ತಿತ್ತು. ನನ್ನ ಕಾಲಕ್ಕೆ ಅದು ಸೈಕಲ್ಲಿಗೆ ಇಳಿದು ಬಂದಿತು. ಗುಲ್ಬರ್ಗಾದಲ್ಲಿ ಓದುತ್ತಿದ್ದಾಗ ನಾನು ನನ್ನ ಸೈಕಲ್ಲಿನ ಎರಡೂ ಮಡ್‌ಗಾರ್ಡುಗಳನ್ನು ಕಳಚಿ ಊರ ಮನೆಯ ಅಟ್ಟದ ಮೇಲೆ ಎಸೆದಿದ್ದೆನು. ಭಾರವು ಕಡಿಮೆಯಾದರೆ ವೇಗವು ಹೆಚ್ಚುವದೆಂಬುದು ಆಗಿನ ನನ್ನ ಶಾಸ್ತ್ರ. ಮೊದಲನೆಯ ಮಳೆಗೇ ನನ್ನ ಬಿಳಿಯ ಅಂಗಿಯ ಮೇಲೆ ಸೊಂಟದಿಂದ ಕೊರಳಿನವರೆಗೆ ಎರೆಮಣ್ಣಿನ ಒಂದು ಪಟ್ಟೆಯು ಮೂಡಿತು. ನಮ್ಮ ತಂದೆಯವರು ಅದನ್ನು ನೋಡಿ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಗೋಡೆಗೆ ಒರಗಿಸಿದ್ದ ಏಣಿಯ ಕಡೆಗೆ ಒಮ್ಮೆ ಕೈದೋರಿ ಒಳಗೆ ಹೋದರು. ಅಷ್ಟರಲ್ಲಿಯೇ ಎಲ್ಲವೂ ಆಗಿಹೋಯಿತು.

ಈ ಹಳೆಯ ಸಂಗತಿಯು ಹೋದ ವರ್ಷ ನನಗೆ ಮತ್ತೆ ಮತ್ತೆ ನೆನಪಾಗುವ ಪ್ರಸಂಗವೊಂದು ಬಂದೊದಗಿತು. ನಾನು ಶಾಲೆಯ ಕೆಲಸದಿಂದ ನಿವೃತ್ತನಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದು ಸಣ್ಣದೊಂದು ಪೆಟ್ರೋಲ್ ಮೋಟಾರನ್ನು ಕೊಂಡಿದ್ದೆನು. ಹತ್ತಿಕುಣಿಯಂಥ ಊರಲ್ಲಿ ಮೋಟಾರು ಒಂದೇ ಮನೆಯ ಸೊತ್ತಾಗಿ ಉಳಿಯುವದಿಲ್ಲ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮಗಳಿಗೆ ಹೆರಿಗೆಯ ನೋವು ಕಾಣಿಸಿಕೊಂಡರೂ ರಾತ್ರಿಯ ಹೊತ್ತು ಬಾಗಿಲು ತಟ್ಟುವದು ನಮ್ಮದೇ. ಮೇಲಾಗಿ ನಮ್ಮ ತಾಯಿಯವರಿಗೆ ಬಹುಕಾಲದಿಂದ ದಮ್ಮಿನ ಬೇನೆ. ಗಾಳಿಯಲ್ಲಿ ಧೂಳು ಎದ್ದ ದಿನ ಅವರನ್ನು ಯಾದಗಿರಿಯ ಆಸ್ಪತ್ರೆಗೆ ಕರೆದೊಯ್ಯುವ ಪ್ರಸಂಗವು ವರ್ಷಕ್ಕೆ ಎರಡು ಮೂರು ಸಲವಾದರೂ ಬರುವದುಂಟು. ಆದುದರಿಂದ ಆ ಮೋಟಾರು ನನ್ನ ದೃಷ್ಟಿಯಲ್ಲಿ ಶೋಕಿಯ ಪದಾರ್ಥವಾಗಿರದೆ ಮನೆಯ ಔಷಧದ ಪೆಟ್ಟಿಗೆಯ ಜಾತಿಗೆ ಸೇರಿದುದಾಗಿತ್ತು.

ನನ್ನ ಮಗನ ದೃಷ್ಟಿಯು ಬೇರೆ. ಯಾದಗಿರಿಯಲ್ಲಿ ನೌಕರಿ ಮಾಡಿಕೊಂಡು ದಿನಾಲು ಅದರಲ್ಲಿಯೇ ಹೋಗಿಬರುವ ಅವನು ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಾತು ತೆಗೆದನು.

"ಅಪ್ಪಾ, ನಮ್ಮ ಗಾಡಿಗಿ ಉಸಿರೇ ಸಾಲ್ವಲ್ದು. ಕೋಲ್ಡ್ ಏರ್ ಇಂಟೇಕ್ ಹಾಕಸ್ಬೇಕಂತ ಮಾಡೀನಿ."

ರೊಟ್ಟಿ ಬಡಿಯುತ್ತಿದ್ದ ಅವನ ತಾಯಿಯು ನನಗಿಂತ ಮೊದಲೇ ಉತ್ತರ ಕೊಟ್ಟಳು: "ಮೊದ್ಲ ಈ ಅಡಗಿಮನಿಗಿ ಒಂದು ಕಿಟಕಿ ಹಾಕಸ್ರಿ. ಗಾಡಿಗಿ ಆಮ್ಯಾಲ ಹಾಕಸೀರಂತ."

ಕಿಟಕಿಯ ಮಾತು ನನ್ನನ್ನು ಉದ್ದೇಶಿಸಿದುದಾದ್ದರಿಂದ ನಾನು ಸುಮ್ಮನಾದೆನು. ಆದರೆ ಮಗನು ಹಟದವನು. ಊಟವಾದ ಮೇಲೆ ನನ್ನನ್ನು ಕೂಡ್ರಿಸಿಕೊಂಡು ವಿಷಯವನ್ನೆಲ್ಲ ವಿವರಿಸಿದನು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಮಗನಿಂದ ಪಾಠ ಹೇಳಿಸಿಕೊಳ್ಳುವದರಲ್ಲಿಯೂ ಒಂದು ಬಗೆಯ ಸುಖವಿರುವದು. ಅವನು ಹೇಳಿದುದರಲ್ಲಿ ಬಹುಭಾಗವು ಸತ್ಯವಾಗಿಯೂ ಇತ್ತು.

ಮೋಟಾರು ಪೆಟ್ರೋಲಿನಿಂದ ಓಡುವದೆಂದು ನಾವು ತಿಳಿದಿರುವೆವು. ಅದು ಅರ್ಧ ಸತ್ಯ. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರು ಗಾಳಿಯು ಬೇಕು. ತೂಕದಲ್ಲಿ ಹೇಳುವದಾದರೆ ಪೆಟ್ರೋಲಿನ ಒಂದು ಪಾಲಿಗೆ ಗಾಳಿಯ ಹದಿನಾಲ್ಕೂವರೆ ಪಾಲಿಗಿಂತ ತುಸು ಹೆಚ್ಚು. ನಮ್ಮ ಮೋಟಾರಿನದು 1.2 ಲೀಟರಿನ ಯಂತ್ರ. ಅದು ಎರಡು ಸುತ್ತು ಸುತ್ತುವಷ್ಟರಲ್ಲಿ ಒಂದು ಸಲ ತನ್ನ ಹೊಟ್ಟೆಯ ತುಂಬ ಗಾಳಿಯನ್ನು ಎಳೆದುಕೊಳ್ಳುವದು. ನಿಮಿಷಕ್ಕೆ 3,000 ಸುತ್ತಿನಂತೆ ತಿರುಗುವಾಗ ಪೆಡಲನ್ನು ಪೂರ್ತಿಯಾಗಿ ತುಳಿದರೆ ನಿಮಿಷವೊಂದಕ್ಕೆ 1,800 ಲೀಟರು. ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ತರುವ ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ 120 ಕೊಡ ಗಾಳಿ! ಸುಮ್ಮನೆ ಕುಳಿತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರು ಸಾಕು. ಈ ಲೆಕ್ಕವನ್ನು ಕೇಳಿ ನನಗೆ ಬೆರಗಾಯಿತು. ಅಂಗಳದಲ್ಲಿ ಮುಗ್ಧವಾಗಿ ನಿಂತ ಆ ಪುಟ್ಟ ಗಾಡಿಯು ಇಷ್ಟು ದೊಡ್ಡ ಉಸಿರಿನ ಪ್ರಾಣಿಯೆಂದು ನಾನು ಎಣಿಸಿರಲಿಲ್ಲ.

ಇನ್ನು ಗಾಳಿಯು ತಣ್ಣಗಿದ್ದಷ್ಟೂ ದಟ್ಟವಾಗಿರುವದು. ಉಷ್ಣತೆಯು 10 ಡಿಗ್ರಿ ಇಳಿದರೆ ಗಾಳಿಯ ಸಾಂದ್ರತೆಯು ನೂರಕ್ಕೆ ಸುಮಾರು ಮೂರರಷ್ಟು ಏರುವದು. ಅದೇ ಹೊಟ್ಟೆಯಲ್ಲಿ ಹೆಚ್ಚು ಗಾಳಿ, ಹೆಚ್ಚು ಗಾಳಿಗೆ ತಕ್ಕಷ್ಟು ಹೆಚ್ಚು ಪೆಟ್ರೋಲು, ಅದರಿಂದ ಹೆಚ್ಚು ಶಕ್ತಿ. ಯಂತ್ರದ ಬಿಸಿಯಿಂದ ದೂರದಲ್ಲಿ ಫಿಲ್ಟರನ್ನು ಇಟ್ಟು, ನುಣುಪಾದ ಅಗಲ ಕೊಳವೆಯ ಮೂಲಕ ಹೊರಗಿನ ತಂಪು ಗಾಳಿಯನ್ನು ತಂದುಕೊಡುವದೇ ಕೋಲ್ಡ್ ಏರ್ ಇಂಟೇಕ್ ಎಂಬುದರ ತತ್ವ.

"ಹಂಗಾದ್ರ ತತ್ವ ಖರೇ ಅದ," ಎಂದೆನು ನಾನು.

"ಖರೇನ ಅದ ಅಪ್ಪಾ," ಎಂದು ಅವನು ಉತ್ಸಾಹದಿಂದ ಬೆಲೆಗಳನ್ನು ಹೇಳತೊಡಗಿದನು.

ಬೆಲೆಗಳನ್ನು ಕೇಳಿದಾಗ ಪೇಟೆಯಲ್ಲಿ ಈ ಹೆಸರಿನಿಂದ ಮೂರು ಬಗೆಯ ಸರಕುಗಳು ದೊರೆಯುವವೆಂದು ತಿಳಿಯಿತು. ಮೊದಲನೆಯದು ಶಂಕುವಿನ ಆಕಾರದ ಬಯಲು ಫಿಲ್ಟರು. ಕಂಪನಿಯವರು ಕೊಟ್ಟ ಪೆಟ್ಟಿಗೆಯನ್ನು ತೆಗೆದುಹಾಕಿ ಇದನ್ನು ಗಿಡ್ಡ ಕೊಳವೆಯೊಂದರ ತುದಿಗೆ ಸಿಕ್ಕಿಸುವರು. ಇದು ಎರಡು ಮೂರು ಸಾವಿರ ರೂಪಾಯಿಗೂ ಸಿಗುವದು. ಸದ್ದು ಮಾತ್ರ ದೊಡ್ಡ ಗಾಡಿಯದು. ಎರಡನೆಯದು ನಿಜವಾದ ಕೋಲ್ಡ್ ಏರ್ ಇಂಟೇಕ್. ಉದ್ದನೆಯ ಕೊಳವೆಯು ಯಂತ್ರದ ಕೋಣೆಯಿಂದ ಹೊರಬಿದ್ದು ಮುಂದಿನ ಬಂಪರಿನ ಹಿಂದೆ, ಗಾಲಿಯ ಹತ್ತಿರ ಕೆಳಗೆ ಇಳಿಯುವದು. ಇದರ ಬೆಲೆಯನ್ನು ಅಂಗಡಿಯವನು 18,000 ರೂಪಾಯಿ ಹೇಳಿದ್ದನು. ಮೂರನೆಯದು ಕಂಪನಿಯ ಪೆಟ್ಟಿಗೆಯನ್ನು ಹಾಗೆಯೇ ಇಟ್ಟು, ಒಳಗಿನ ಕಾಗದದ ಫಿಲ್ಟರಿನ ಬದಲು ಎಣ್ಣೆಯಲ್ಲಿ ನೆನೆಸಿದ ಹತ್ತಿಯ ತೆಳುಬಟ್ಟೆಯ ಫಿಲ್ಟರನ್ನು ಕೂಡ್ರಿಸುವದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆರಂಭವಾದ ಕೆ ಅಂಡ್ ಎನ್ ಎಂಬ ಕಂಪನಿಯು ಇಂಥ ಹತ್ತಿಯ ಫಿಲ್ಟರುಗಳಿಂದಲೇ ಹೆಸರಾದುದು. ತೊಳೆದು, ಒಣಗಿಸಿ, ಎಣ್ಣೆ ಹಾಕಿ ಮತ್ತೆ ಬಳಸಬಹುದೆಂಬುದು ಅದರ ಗುಣ. ಹೆಸರಿನಲ್ಲಿಯೇ ಹತ್ತಿಯನ್ನು ಇಟ್ಟುಕೊಂಡು, ಹೊಲದ ತುಂಬ ಹತ್ತಿಯನ್ನೇ ಬೆಳೆಯುವ ನಮ್ಮ ಊರಿಗೆ ಏಳು ಸಮುದ್ರದಾಚೆಯಿಂದ ಅಂಗೈಯಗಲದ ಹತ್ತಿಯ ಬಟ್ಟೆಯನ್ನು ಸಾವಿರಗಟ್ಟಲೆ ಕೊಟ್ಟು ತರಿಸುವದು ನನಗೆ ತಮಾಷೆಯಾಗಿ ಕಂಡಿತು. ಮಗನಿಗೆ ತಮಾಷೆಯಾಗಿ ಕಾಣಲಿಲ್ಲ.

ಆಯ್ಕೆಯನ್ನು ಮಾಡುವ ಮೊದಲು ಉಸ್ತಾದರನ್ನು ಕೇಳೋಣವೆಂದು ನಾವಿಬ್ಬರೂ ಒಪ್ಪಿದೆವು. ಯಾದಗಿರಿಯ ಈ ಉಸ್ತಾದರು ಟ್ರ್ಯಾಕ್ಟರು, ಜೀಪು, ಲಾರಿಗಳ ನಾಡಿ ಹಿಡಿದು ಮುಪ್ಪಾದವರು. ಅವರು ಮಗನ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, ಬಾನೆಟ್ಟನ್ನು ಎತ್ತಿ, ಕಪ್ಪು ಪೆಟ್ಟಿಗೆಯಿಂದ ಹೊರಟ ಕೊಳವೆಯ ಮೇಲೆ ಬೆರಳನ್ನು ಆಡಿಸುತ್ತ ಹೋದರು. ಬೆರಳು ಯಂತ್ರವನ್ನು ಬಿಟ್ಟು ಮುಂದೆ ಹೋಗಿ, ದೀಪದ ಹಿಂದೆ, ಜಾಲರಿಯ ಮಗ್ಗುಲಿಗೆ ನಿಂತಿತು.

"ಮಾಸ್ತರ್ರೆ, ಇದರ ಬಾಯಿ ಎಲ್ಲಿ ಅದ ನೋಡ್ರಿ. ಹೊರಗಿನ ಗಾಳೀನೇ ಕುಡೀತದ. ಕಂಪನಿಯವ್ರು ಹಾಕಿ ಕೊಟ್ಟಿದ್ದೇ ಕೋಲ್ಡ್ ಏರ್ ಅದ. ಹುಡುಗ ರೊಕ್ಕ ಕೊಟ್ಟು ಇದ್ದದ್ದನ್ನೇ ತರ್ಲಿಕ್ಕೆ ಹೊಂಟಾನ."

ನಾನು ಮಗನ ಮುಖವನ್ನು ನೋಡಿದೆನು. ನಾಲ್ಕು ವರ್ಷದಿಂದ ಆ ಬಾನೆಟ್ಟನ್ನು ನಾವಿಬ್ಬರೂ ಎಷ್ಟೋ ಸಲ ಎತ್ತಿದ್ದೆವು. ಕೊಳವೆಯ ಬಾಯಿ ಎಲ್ಲಿದೆಯೆಂದು ಒಮ್ಮೆಯೂ ನೋಡಿರಲಿಲ್ಲ.

ಉಸ್ತಾದರು ಮುಂದುವರಿದು ಅಲ್ಲಿಯೇ ನಿಂತ ಹಳೆಯ ಟ್ರ್ಯಾಕ್ಟರೊಂದನ್ನು ತೋರಿಸಿದರು. ಟ್ರ್ಯಾಕ್ಟರಿನ ಉಸಿರಿನ ಕೊಳವೆಯು ಬಾನೆಟ್ಟಿನ ಮೇಲೆ ಆಳೆತ್ತರಕ್ಕೆ ಎದ್ದು ನಿಂತಿರುವದನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಗಾಲಿಯು ಎಬ್ಬಿಸಿದ ಧೂಳಿಗೆ ಸಿಕ್ಕದೆ ಮೇಲಿನ ಗಾಳಿಯು ಬರಲೆಂದೇ ಆ ಎತ್ತರ. ಅಲ್ಲಿಂದ ಇಳಿದ ಗಾಳಿಯು ತಳದ ಬಟ್ಟಲಿನ ಎಣ್ಣೆಗೆ ಬಡಿದು, ತಿರುಗಿ, ತಂತಿಯ ಜಾಲದೊಳಗಿಂದ ಮೇಲೇರುವದು. ಧೂಳು ಎಣ್ಣೆಯಲ್ಲಿ ಉಳಿಯುವದು. ತೊಗರಿಯ ರಾಶಿಯ ಕಾಲದಲ್ಲಿ ಆ ಬಟ್ಟಲನ್ನು ಬಿಚ್ಚಿದರೆ ತಳದಲ್ಲಿ ರಾಡಿಯು ಗಟ್ಟಿಯಾಗಿ ಕೂತಿರುವದು. ಒಕ್ಕಲಿಗನು ಅದನ್ನು ಬಳಿದು ಚೆಲ್ಲುವಾಗ ತನ್ನ ಯಂತ್ರದ ಹೊಟ್ಟೆಗೆ ಹೋಗಬೇಕಾಗಿದ್ದ ಮಣ್ಣು ಎಷ್ಟೆಂಬುದನ್ನು ಕಣ್ಣಾರೆ ಕಾಣುವನು. ನಮ್ಮ ಮೋಟಾರಿನಲ್ಲಿ ಆ ಕೆಲಸವನ್ನೇ ಮಡಿಕೆ ಮಡಿಕೆಯ ಕಾಗದವೊಂದು ಪೆಟ್ಟಿಗೆಯೊಳಗೆ ಕುಳಿತು ಸದ್ದಿಲ್ಲದೆ ಮಾಡುತ್ತಿರುವದು.

ಇಷ್ಟರಿಂದ ಹುಡುಗರ ಮನಸ್ಸು ತಿರುಗುವದಿಲ್ಲ; ತಿರುಗಬೇಕೆಂದು ಬಯಸುವದೂ ಸರಿಯಲ್ಲ. ಉಸ್ತಾದರೇ ಒಂದು ಹಾದಿಯನ್ನು ಸೂಚಿಸಿದರು. ನಮ್ಮದೇ ಮಾದರಿಯ ಗಾಡಿಯಿದ್ದ ಮಗನ ಗೆಳೆಯನೊಬ್ಬನ ಹತ್ತಿರ ತಾನು ಕೆಲಕಾಲ ಬಳಸಿ ತೆಗೆದಿಟ್ಟಿದ್ದ ಶಂಕುವಿನ ಫಿಲ್ಟರು ಇದ್ದಿತು. ಹದಿನೈದು ದಿನ ಕಂಪನಿಯ ಪೆಟ್ಟಿಗೆಯಲ್ಲಿ ಹೊಸ ಕಾಗದವನ್ನು ಹಾಕಿ ಓಡಿಸುವದು, ಹದಿನೈದು ದಿನ ಈ ಶಂಕುವನ್ನು ಹಾಕಿ ಓಡಿಸುವದು, ಎರಡರಲ್ಲಿಯೂ ಫಿಲ್ಟರಿನಿಂದ ಈಚೆಗೆ, ಕೊಳವೆಯ ಒಳಮೈಗೆ, ತುಸು ಗ್ರೀಸನ್ನು ತೆಳ್ಳಗೆ ಹಚ್ಚಿಡುವದು. ಮಗನು ಇದಕ್ಕೆ ತನ್ನದೊಂದು ಪರೀಕ್ಷೆಯನ್ನು ಸೇರಿಸಿದನು. ಸ್ಟೀರಿಂಗಿನ ಕೆಳಗೆ ಇರುವ ಕಿಂಡಿಗೆ ಒಂದು ಸಣ್ಣ ಉಪಕರಣವನ್ನು ಸಿಕ್ಕಿಸಿದರೆ ಯಂತ್ರದೊಳಗೆ ಹೋಗುವ ಗಾಳಿಯ ಉಷ್ಣತೆಯು ಮೊಬೈಲಿನಲ್ಲಿ ಕಾಣುವದಂತೆ. ಈ ಪರೀಕ್ಷೆಯ ಲೆಕ್ಕವನ್ನು ಬರೆದಿಡಲು ನಾನು ನೂರು ಪುಟದ ಒಂದು ನೋಟುಬುಕ್ಕನ್ನು ಕೊಟ್ಟೆನು. ತಂದೆಮಕ್ಕಳು ಸೇರಿ ಮಾಡಿದ ಕೆಲಸವು ಅನೇಕ ವರ್ಷಗಳ ಮೇಲೆ ಇದೊಂದೇ ಆಗಿತ್ತು.

ನಮ್ಮ ಕಡೆಯ ಬೇಸಿಗೆಯು ಹೇಗಿರುವದೆಂಬುದನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಹೊರಗಿನ ಉಷ್ಣತೆಯು 41 ಡಿಗ್ರಿಯ ಆಚೀಚೆ ಇದ್ದಿತು. ಕಂಪನಿಯ ಪೆಟ್ಟಿಗೆಯಿಂದ ಓಡುವಾಗ ಒಳಗೆ ಹೋಗುವ ಗಾಳಿಯು 46 ಡಿಗ್ರಿ. ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಂತಾಗ 55. ಶಂಕುವನ್ನು ಹಾಕಿದ ಮೇಲೆ ಓಡುವಾಗ 50, ನಿಂತಾಗ 68! ತಂಪು ಗಾಳಿಯ ಹೆಸರಿನಿಂದ ತಂದ ವಸ್ತುವು ಯಂತ್ರದ ಬಿಸಿ ಉಸಿರನ್ನೇ ಯಂತ್ರಕ್ಕೆ ಮರಳಿ ಕುಡಿಸುತ್ತಿದ್ದಿತು. ಮಗನು ಈ ಅಂಕಿಗಳನ್ನು ತಾನೇ ಬರೆದನು, ಒಂದನ್ನೂ ತಿದ್ದಲಿಲ್ಲ. ಅದನ್ನು ನೋಡಿ ನನಗೆ ಅಂಕಿಗಳಿಗಿಂತ ಹೆಚ್ಚು ಸಂತೋಷವಾಯಿತು.

ಆದರೂ ಅವನು ಅಂದನು: "ಬಿಸಿ ಇದ್ರೂ ಗಾಡಿ ಜೋರ ಓಡ್ತದ ಅಪ್ಪಾ. ನನಗ ಗೊತ್ತಾಗ್ತದ."

ಅವನಿಗೆ ಗೊತ್ತಾಗುತ್ತಿದ್ದುದು ಸದ್ದು. ಪೆಟ್ಟಿಗೆಯು ಹೋದ ಮೇಲೆ ಗಾಳಿಯನ್ನು ಎಳೆದುಕೊಳ್ಳುವ ಶಬ್ದವು ನೇರವಾಗಿ ಕಿವಿಗೆ ಬೀಳುವದು. ಕಿವಿಯು ಅದನ್ನು ವೇಗವೆಂದು ಲೆಕ್ಕ ಹಿಡಿಯುವದು. ಪೆಟ್ರೋಲ್ ಮೋಟಾರಿನಲ್ಲಿ ನಾವು ಪೆಡಲನ್ನು ತುಳಿದಷ್ಟೇ ಗಾಳಿಯ ಬಾಗಿಲು ತೆರೆಯುವದು. ನಮ್ಮ ಊರ ಹಾದಿಯ ಓಡಾಟದಲ್ಲಿ ಆ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುವ ಹೊತ್ತು ಎಷ್ಟು? ಬಾಗಿಲೇ ಅರೆ ಮುಚ್ಚಿರುವಾಗ ಅಂಗಳವನ್ನು ಅಗಲ ಮಾಡಿದರೆ ಮನೆಯೊಳಗೆ ಹೆಚ್ಚು ಜನರು ಬರಲಾರರು. ಪೂರ್ತಿ ತುಳಿದಾಗಲಾದರೂ, ನಿಜವಾಗಿ ಐದು ಡಿಗ್ರಿ ತಂಪು ಗಾಳಿ ದೊರೆಯಿತೆಂದು ಹಿಡಿದರೂ, ಎಂಬತ್ತು ಅಶ್ವಶಕ್ತಿಯ ಯಂತ್ರಕ್ಕೆ ಅದರಿಂದ ದೊರೆಯುವ ಲಾಭವು ಒಂದು ಕುದುರೆಗಿಂತ ತುಸು ಹೆಚ್ಚು. ಆ ಒಂದು ಕುದುರೆಯೂ ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಬಂದು ಕುಳಿತರೆ ಅವರನ್ನು ಹೊರುವದಕ್ಕೇ ಸರಿಹೋಗುವದು. ಪೆಟ್ರೋಲು ಉಳಿಯುವದೆಂಬ ಮಾತೂ ಹಾಗೆಯೇ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಶಾಲೆಯವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಈಗಿನ ಪೆಟ್ರೋಲ್ ಮೋಟಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರನ್ನು ತೆಗೆದು ಹೊಸದನ್ನು ಹಾಕಿದರೂ ಪೆಟ್ರೋಲಿನ ಖರ್ಚಿನಲ್ಲಿ ಹೇಳತಕ್ಕಷ್ಟು ಅಂತರವು ಕಂಡುಬರಲಿಲ್ಲ. ಜಿಗಿತವು ಮಾತ್ರ ಸುಧಾರಿಸಿತು. ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಅಳೆದು ಬಿಡುವ ಗಣಕವು ಯಂತ್ರದೊಳಗೇ ಇರುವದೇ ಇದಕ್ಕೆ ಕಾರಣ.

ಈ ವಾದವನ್ನು ನಾನು ಮಗನ ಮುಂದೆ ಮಾಡಿದೆನು. ವಾದದಲ್ಲಿ ಗೆದ್ದೆನು. ಆದರೆ ಮಕ್ಕಳೊಡನೆ ವಾದದಲ್ಲಿ ಗೆದ್ದ ತಂದೆಯು ಏನನ್ನೂ ಗೆದ್ದಂತಾಗುವದಿಲ್ಲವೆಂಬುದು ಅವನು ಎದ್ದು ಹೋದ ರೀತಿಯಿಂದ ತಿಳಿಯಿತು. ಶಂಕುವು ಹಾಗೆಯೇ ಉಳಿಯಿತು. ಹದಿನೈದು ದಿನ ತುಂಬಿ ಮೇಲೆ ವಾರ ಕಳೆದರೂ ಅವನು ಅದನ್ನು ತೆಗೆಯಲಿಲ್ಲ. ನಾನೂ ಕೇಳಲಿಲ್ಲ.

ಮುಂಗಾರಿಗೆ ಮೊದಲು ನಮ್ಮಲ್ಲಿ ಒಂದೆರಡು ಧೂಳಿನ ಬಿರುಗಾಳಿ ಏಳುವವು. ಹೊಲವು ಬರಿದಾಗಿ ಬಿದ್ದಿರುವ ಕಾಲ. ನೆಲದ ಮೇಲಿನ ಮಣ್ಣೆಲ್ಲ ಆಕಾಶಕ್ಕೆ ಏರುವದು. ಅಂಥದೊಂದು ಸಂಜೆ ನಮ್ಮ ತಾಯಿಯವರಿಗೆ ದಮ್ಮು ಒತ್ತಿ ಬಂದಿತು. ಪಂಪಿನ ಔಷಧವನ್ನು ಎಳೆದುಕೊಂಡರೂ ಇಳಿಯಲಿಲ್ಲ. ಎಂಬತ್ತೆರಡು ವರ್ಷದ ಆ ಜೀವವು ಹಾಸಿಗೆಯ ಅಂಚನ್ನು ಎರಡು ಕೈಯಿಂದ ಒತ್ತಿ ಹಿಡಿದು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿ ತಂದಂತೆ ತರುತ್ತಿದ್ದಿತು. ರಾತ್ರಿ ಒಂಬತ್ತಕ್ಕೆ ಅವರನ್ನು ಮೋಟಾರಿನಲ್ಲಿ ಕೂಡ್ರಿಸಿಕೊಂಡು ಹೊರಟೆವು. ಮಗನು ನಡೆಸುತ್ತಿದ್ದನು; ಹಿಂದೆ ನಾನು, ನನ್ನ ಹೆಗಲಿಗೆ ಒರಗಿ ತಾಯಿಯವರು. ಅವರು ಸೆರಗನ್ನು ಮೂಗಿನ ಮೇಲೆ ಒತ್ತಿಕೊಂಡಿದ್ದರು. ರಾಶಿಯ ಕಣದಲ್ಲಿ ತೂರುವಾಗ ಹೆಣ್ಣುಮಕ್ಕಳು ಮೂಗಿಗೆ ಸೆರಗನ್ನು ಕಟ್ಟಿಕೊಳ್ಳುವರಷ್ಟೆ. ಅದು ಅವರಿಗೆ ಜೀವಮಾನದ ಅಭ್ಯಾಸ.

ಊರು ಬಿಟ್ಟು ಏರಿನಲ್ಲಿ ಮಗನು ಪೆಡಲನ್ನು ತುಳಿದಂತೆಲ್ಲ ಆ ಶಂಕುವು ಗಾಳಿಯನ್ನು ಎಳೆದುಕೊಳ್ಳುವ ಸದ್ದು ಗಾಡಿಯನ್ನೆಲ್ಲ ತುಂಬಿತು. ಹುಸ್ಸೆಂದು ಎಳೆಯುವದು, ಗೇರು ಬದಲಿಸುವಾಗ ತಡೆಯುವದು, ಮತ್ತೆ ಎಳೆಯುವದು. ನನ್ನ ಒಂದು ಕಿವಿಯ ಹತ್ತಿರ ತಾಯಿಯವರ ಉಸಿರು, ಇನ್ನೊಂದು ಕಿವಿಗೆ ಯಂತ್ರದ ಉಸಿರು. ಎರಡಕ್ಕೂ ಏನೂ ಅಂತರವು ತಿಳಿಯದಂತಾಗಿ ನನಗೆ ಭಯವಾಯಿತು. ಅಷ್ಟರಲ್ಲಿ ತಾಯಿಯವರು ಸೆರಗಿನೊಳಗಿಂದಲೇ ತಡೆತಡೆದು ಅಂದರು:

"ಯಪ್ಪಾ... ಈ ಗಾಡಿಗೂ... ನನ್ನಂಗ ದಮ್ಮು ಹತ್ಯಾದೇನೋ?"

ಮಗನು ಮಾತಾಡಲಿಲ್ಲ. ಆದರೆ ಅಲ್ಲಿಂದ ಮುಂದೆ ಪೆಡಲಿನ ಮೇಲಿನ ಅವನ ಕಾಲು ಹಗುರಾಯಿತು. ಸದ್ದು ಇಳಿಯಿತು. ಗಾಡಿಯು ಎಂದಿನಷ್ಟೇ ಹೊತ್ತಿಗೆ ಯಾದಗಿರಿಯನ್ನು ಮುಟ್ಟಿತು.

ಆ ರಾತ್ರಿ ಆಸ್ಪತ್ರೆಯಲ್ಲಿ ತಾಯಿಯವರಿಗೆ ಉಸಿರು ತಿಳಿಯಾದ ಮೇಲೆ ವೈದ್ಯರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ಇವರಿಗೆ ಗಾಳಿ ಕಡಿಮಿಯಿಲ್ಲ, ಗಾಳ್ಯಾಗಿನ ಧೂಳ ಹೆಚ್ಚಾಗ್ಯಾದ. ಧೂಳಿನಿಂದ ದೂರ ಇಡ್ರಿ," ಎಂದು ಅವರು ಅಂದರು. ಮಗನು ಮಗ್ಗುಲಲ್ಲಿಯೇ ನಿಂತಿದ್ದನು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಂಗಳದಲ್ಲಿ ಬಾನೆಟ್ಟು ತೆರೆದಿತ್ತು. ಮಗನು ಶಂಕುವನ್ನು ಕಳಚಿ ನೆಲದ ಮೇಲಿಟ್ಟು, ಕೊಳವೆಯೊಳಗಿನ ಗ್ರೀಸನ್ನು ಬೆರಳಿನಿಂದ ಬಳಿದುಕೊಳ್ಳುತ್ತಿದ್ದನು. ಕಂಪನಿಯ ಪೆಟ್ಟಿಗೆಯ ಸರದಿಯಲ್ಲಿ ಬಳಿದಿಟ್ಟ ಗ್ರೀಸು ಹಚ್ಚಿದಂತೆಯೇ ನುಣ್ಣಗಿತ್ತು. ಇದನ್ನು ಅವನು ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಉಜ್ಜಿದನು. ಕಿರ್ ಎಂದು ಸದ್ದಾಯಿತು. ಒರಸಿ ಬೆಳಕಿಗೆ ಹಿಡಿದರೆ ಗಾಜಿನ ಮೇಲೆ ಕೂದಲೆಳೆಯಂಥ ಗೀರುಗಳು.

ಅದು ನಮ್ಮ ನೆಲದ ಮರಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾದರೂ ಗಾಜನ್ನು ಗೀರುವಷ್ಟು ಕಠಿಣ. ಯಂತ್ರದ ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಬಳೆಗೂ ನಡುವೆ ಇರುವದು ಎಣ್ಣೆಯ ಒಂದು ಪದರು ಮಾತ್ರ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಪದರು. ಅದಕ್ಕೆ ಸಮನಾದ ಗಾತ್ರದ ಕಣಗಳು ಅಲ್ಲಿ ಹೊಕ್ಕರೆ ಉಪ್ಪುಕಾಗದವನ್ನಿಟ್ಟು ತಿಕ್ಕಿದಂತೆ. ಒಂದು ದಿನಕ್ಕೆ, ಒಂದು ತಿಂಗಳಿಗೆ ಏನೂ ತಿಳಿಯುವದಿಲ್ಲ. ಕೆಲವು ವರ್ಷದ ಮೇಲೆ ಗಾಡಿಯು ಎಣ್ಣೆ ಕುಡಿಯತೊಡಗಿ, ನೀಲಿ ಹೊಗೆಯನ್ನು ಬಿಡತೊಡಗಿದಾಗ ಕಾರಣವನ್ನು ಯಾರೂ ನೆನೆಯುವದಿಲ್ಲ.

ಹಾಗಾದರೆ ಹದಿನೆಂಟು ಸಾವಿರದ ಎರಡನೆಯ ಬಗೆ? ಅದು ನಿಜವಾಗಿಯೂ ತಂಪು ಗಾಳಿಯನ್ನು ಕೊಡುವದು. ಆದರೆ ಅದರ ಬಾಯಿಯು ನೆಲಕ್ಕೆ ಹತ್ತಿರ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ದಾರಿಯ ಮೇಲೆ ಹರಿಯುವ ಸೀಮೆ ನಮ್ಮದು. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಬಂದುದನ್ನು ಕಂಡವರು ಇನ್ನೂ ಮರೆತಿಲ್ಲ. ಕೆಳಗಿನ ಬಾಯಿಯು ನೀರಿನಲ್ಲಿ ಮುಳುಗಿದರೆ ಯಂತ್ರವು ಗಾಳಿಯ ಬದಲು ನೀರನ್ನು ಎಳೆಯುವದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಪಿಸ್ಟನ್ನು ಕಲ್ಲಿಗೆ ಬಡಿದಂತೆ ಬಡಿದು ಕನೆಕ್ಟಿಂಗ್ ರಾಡು ಬಾಗಿಹೋಗುವದು. ಪ್ರತ್ಯೇಕ ಕಂತು ಕಟ್ಟಿ ಯಂತ್ರದ ರಕ್ಷಣೆಯನ್ನು ಪಡೆಯದ ಸಾಮಾನ್ಯ ವಿಮೆಯಲ್ಲಿ ಇಂಥ ನಷ್ಟಕ್ಕೆ ಸಾಮಾನ್ಯವಾಗಿ ಪರಿಹಾರವೂ ಇರುವದಿಲ್ಲ.

ನಾನು ಈ ವಸ್ತುವನ್ನು ನಿಂದಿಸಲೆಂದು ಬರೆಯುತ್ತಿಲ್ಲ. ಪಂದ್ಯದ ಅಂಗಳದಲ್ಲಿ ಪೂರ್ತಿ ಪೆಡಲಿನಿಂದ ಓಡುವ ಗಾಡಿಗೆ, ಯಂತ್ರವನ್ನೂ ಅದರ ಗಣಕವನ್ನೂ ಹೊಸದಾಗಿ ಹದಗೊಳಿಸಿದ ಗಾಡಿಗೆ, ಧೂಳಿಲ್ಲದ ತಂಪು ಸೀಮೆಗೆ ಅದು ಒಪ್ಪುವದು. ಅಂಥ ಬಯಕೆಯುಳ್ಳ ಮಕ್ಕಳು ಯಾರ ಮನೆಯಲ್ಲಿದ್ದರೂ ಕೊಳ್ಳುವ ಮೊದಲು ಕೆಲವು ಮಾತುಗಳನ್ನು ನೋಡಿಕೊಳ್ಳುವದು ಯುಕ್ತ. ಮೊದಲು ತಮ್ಮ ಗಾಡಿಯ ಕಂಪನಿಯ ಕೊಳವೆಯ ಬಾಯಿ ಎಲ್ಲಿದೆಯೆಂದು ಬೆರಳಿಟ್ಟು ನೋಡಬೇಕು. ಬಯಲು ಫಿಲ್ಟರನ್ನು ಬಿಟ್ಟು ಮುಚ್ಚಿದ ಪೆಟ್ಟಿಗೆಯುಳ್ಳದ್ದನ್ನು ಆರಿಸಬೇಕು. ಬಾಯಿಯು ಯಂತ್ರದ ಬಿಸಿಗೂ ದಾರಿಯ ನೀರಿಗೂ ದೂರವಿರಬೇಕು. ಎಷ್ಟು ಕುದುರೆ ಹೆಚ್ಚುವದೆಂಬುದನ್ನು ಅಂಗಡಿಯವರು ಕೇಳದೆಯೇ ಹೇಳುವರು. ನಾವು ಕೇಳಬೇಕಾದುದು ಎಷ್ಟು ಧೂಳನ್ನು ಹಿಡಿಯುವದೆಂಬುದನ್ನು. ಫಿಲ್ಟರುಗಳ ಪರೀಕ್ಷೆಗೆ ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ಅದರಂತೆ ಪರೀಕ್ಷಿಸಿದ ಅಂಕಿಯನ್ನು ಕೊಡದವರ ಸರಕನ್ನು ಬಿಡುವದು ಲೇಸು. ಹತ್ತಿಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಗಾಳಿಯನ್ನು ಅಳೆಯುವ ತಂತಿಯಿರುವ ಗಾಡಿಗಳಲ್ಲಿ ಅದು ಹೋಗಿ ತಂತಿಗೆ ಅಂಟಿ ಅಳತೆಯನ್ನು ಕೆಡಿಸಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲರೂಪವನ್ನು ಬದಲಿಸುವದಕ್ಕೆ ಮಿತಿಯನ್ನು ಹಾಕಿರುವದನ್ನೂ, ಇಂಥ ಬದಲಾವಣೆಯಿಂದ ಯಂತ್ರವು ಕೆಟ್ಟರೆ ಕಂಪನಿಯ ಜವಾಬುದಾರಿಯು ತಪ್ಪಿಹೋಗಬಹುದೆಂಬುದನ್ನೂ ನೆನಪಿನಲ್ಲಿಡಬೇಕು.

ನಮ್ಮ ಆಯ್ಕೆಯು ಕೊನೆಗೆ 350 ರೂಪಾಯಿಯ ಕಾಗದದ ಫಿಲ್ಟರಾಯಿತು. ಉಸ್ತಾದರು ಪೆಟ್ಟಿಗೆಯ ಮುಚ್ಚಳದ ಕ್ಲಿಪ್ಪುಗಳನ್ನು ಬಿಗಿಮಾಡಿ, ರಬ್ಬರಿನ ಅಂಚು ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ನೋಡಿದರು. ಅಂಚಿನಲ್ಲಿ ಎಳೆಯಷ್ಟು ಸಂದಿಯಿದ್ದರೂ ಒಳ್ಳೆಯ ಫಿಲ್ಟರು ನಿರರ್ಥಕವೆಂದರು. ಮಡಿಕೆಗಳನ್ನು ಬಿಡಿಸಿದರೆ ಒಂದು ಟವೆಲಿನಷ್ಟು ಅಗಲವಾಗುವ ಆ ಕಾಗದಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ತುಸು ಧೂಳು ಹತ್ತಿದ ಮೇಲೆ ಅದು ಹೊಸದಕ್ಕಿಂತಲೂ ಚೆನ್ನಾಗಿ ಧೂಳನ್ನು ಹಿಡಿಯುವದು. ಹಿಡಿದ ಧೂಳೇ ಮುಂದಿನ ಧೂಳಿಗೆ ಅಡ್ಡ ನಿಲ್ಲುವದು. ಆದುದರಿಂದ ದಿನಬೆಳಗಾದರೆ ಅದನ್ನು ಹೊರಗೆಳೆದು ಗಾಳಿಯ ಪಂಪಿನಿಂದ ಊದಿ ಹರಿಯುವದು ಜಾಣತನವಲ್ಲ. ನಮ್ಮಂಥ ಧೂಳಿನ ಸೀಮೆಯಲ್ಲಿ ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ನೋಡಿ, ಕಟ್ಟಿಕೊಂಡಾಗ ಬದಲಿಸಿದರೆ ಸಾಕು.

ಮಗನಿಗೆ ಬೇಕಾಗಿದ್ದುದೇನೆಂದು ನಾನು ಆಮೇಲೆ ಯೋಚಿಸಿದೆನು. ನಾನು ಮಡ್‌ಗಾರ್ಡನ್ನು ಕಳಚಿದುದು ನಿಜವಾಗಿಯೂ ವೇಗಕ್ಕಾಗಿಯೇ? ಅಲ್ಲ, ತಂದೆಯವರು ಕೊಡಿಸಿದ ಸೈಕಲ್ಲು ನನ್ನದೆಂದು ಅನಿಸಬೇಕಾಗಿತ್ತು. ಅದರ ಮೇಲೆ ನನ್ನ ಕೈಯ ಗುರುತೊಂದು ಬೇಕಾಗಿತ್ತು. ಇವನಿಗೂ ಅದೇ. ಹೀಗೆಂದು ತಿಳಿದ ಮೇಲೆ ನಾನು ಮೋಟಾರಿನ ಕಾಗದಪತ್ರ, ವಿಮೆಯ ಲಕೋಟೆ, ಎರಡನೆಯ ಕೀಲಿಕೈ ಎಲ್ಲವನ್ನೂ ಅವನ ಕಪಾಟಿಗೆ ಸಾಗಿಸಿದೆನು. ಅದರ ಚಾಕರಿಯೆಲ್ಲ ಇನ್ನು ಅವನದು. ನಾನು ಹಿಂದಿನ ಸೀಟಿನವನು. ಉಳಿದ ಹಣದಲ್ಲಿ ಅಡಿಗೆಮನೆಗೆ ಒಂದು ಕಿಟಕಿಯಾಯಿತೆಂಬುದನ್ನೂ ಇಲ್ಲಿ ಹೇಳದಿದ್ದರೆ ಈ ಲೇಖನವನ್ನು ಮನೆಯಲ್ಲಿ ಓದಿ ತೋರಿಸುವದು ನನಗೆ ಕಷ್ಟವಾದೀತು.

ಮೊನ್ನೆ ಆ ನೂರು ಪುಟದ ನೋಟುಬುಕ್ಕು ಕಣ್ಣಿಗೆ ಬಿದ್ದಿತು. ಡಿಗ್ರಿಗಳ ಲೆಕ್ಕವು ಮೂರನೆಯ ಪುಟಕ್ಕೆ ನಿಂತಿದೆ. ನಾಲ್ಕನೆಯ ಪುಟದಿಂದ ಮಗನ ಅಕ್ಷರದಲ್ಲಿ ತಾರೀಖು ಹಾಕಿ ಬರೆದಿದೆ: ಎಣ್ಣೆ ಬದಲಿಸಿದುದು, ಗಾಲಿಗೆ ಗಾಳಿ ಹಿಡಿದುದು, ಫಿಲ್ಟರು ನೋಡಿದುದು. ನಡುನಡುವೆ ಅದೇ ಶಾಯಿಯಲ್ಲಿ ಇನ್ನೊಂದು ಸಾಲು ಬರುತ್ತಿದೆ: "ಆಯಿಯ ಪಂಪಿನ ಔಷಧ ತಂದೆನು." ಎರಡು ಉಸಿರುಗಳ ಲೆಕ್ಕವನ್ನೂ ಅವನು ಒಂದೇ ಪುಸ್ತಕದಲ್ಲಿ ಇಡುತ್ತಿರುವನು. ನಾನು ಅದನ್ನು ಇದ್ದಲ್ಲಿಯೇ ಇಟ್ಟು ಬಂದೆನು.